ಐದೇ ನಿಮಿಷದ ಭಾವ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಮನೆಗಳಲ್ಲಿ ಕಾರು ಹೊರಗೆ ನಿಂತು, ಗ್ಯಾರೇಜಿನೊಳಗೆ ದೀಪ ಉರಿಯುತ್ತಿದ್ದರೆ ಒಳಗೆ ಹಳೆಯ ಆರ್ಕೇಡ್ ಗೇಮಿನ ಬೋರ್ಡು ರಿಪೇರಿ ಮಾಡುವ ಒಬ್ಬ ಮಹನೀಯರು ಇರಬಹುದು. ಹಗಲು ಸಾಫ್ಟ್‌ವೇರ್, ರಾತ್ರಿ ಸೋಲ್ಡರಿಂಗ್. ಪಾಂಗ್ ಎಂಬ ವಿಡಿಯೊ ಗೇಮಿನ ಯಂತ್ರವನ್ನು 1972ರಲ್ಲಿ ಮೊದಲು ಇಟ್ಟ ಬಾರ್ ಇದೇ ಊರಿನದು ಎಂದು ಬಂದವರಿಗೆಲ್ಲ ಹೇಳುತ್ತಾರೆ. ಡಬ್ಬಿಯಲ್ಲಿ ನಾಣ್ಯ ತುಂಬಿ ತುಳುಕಿ ಅದು ಕೆಟ್ಟು ನಿಂತ ಕಥೆಗೆ ಬಂದಾಗ ಅವರ ಮುಖ ನೋಡಬೇಕು!

ನನ್ನ ಹೆಂಡತಿಯ ಅಕ್ಕನ ಗಂಡ ಇದೇ ಪೈಕಿ. ಊಟಕ್ಕೆ ಕರೆದರೆ "ಐದೇ ನಿಮಿಷ". ಮದುವೆಗೆ ಹೊರಟರೂ ಐದೇ ನಿಮಿಷ. ಅಂಗಿಗೆ ಸದಾ ರಾಳದ ವಾಸನೆ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಟಾರ್ಚ್. ಅಳಿಯ-ಷಡ್ಡಕರೆಲ್ಲ ಇರುವುದೇ ಟಾರ್ಚ್ ಹಿಡಿಯಲಿಕ್ಕೆ ಎಂದು ಅವರ ಭಾವನೆ.

"ನೋಡಿ, ಪರದೆ ತುಂಬ ಉದ್ದುದ್ದ ಗೆರೆ. ಬಫರ್ ಹೋಗಿದೆ," ಎಂದರು ಒಂದು ರಾತ್ರಿ. ಎಂಬತ್ತರ ದಶಕದ ಜಪಾನಿ ಬೋರ್ಡು. ಬಫರ್ ಎಂದರೆ ಅದರಲ್ಲಿರುವ 74ಎಲ್ಎಸ್245 ಎಂಬ ಇಪ್ಪತ್ತು ಕಾಲಿನ ಚಿಪ್ಪು. ಅದಕ್ಕೆ ಸ್ವಂತ ಬುದ್ಧಿಯಿಲ್ಲ. ಒಂದು ಕಡೆಯಿಂದ ಬಂದ ಎಂಟು ಸಂಕೇತಗಳಿಗೆ ಬಲ ತುಂಬಿ ಇನ್ನೊಂದು ಕಡೆಗೆ ದಾಟಿಸುವುದಷ್ಟೇ ಕೆಲಸ. "ಈ ಮನೆಯಲ್ಲಿ ನಾನು ಮಾಡೋದೂ ಅದೇ," ಎಂದರು ಬಾಗಿಲಲ್ಲಿ ನಿಂತ ಅಕ್ಕ. ಭಾವನಿಗೆ ಕೇಳಿಸಲಿಲ್ಲ. ಅವರು ಸಂಕೇತವನ್ನು ಪುಟ್ಟ ದೀಪದಲ್ಲಿ ತೋರಿಸುವ ಲಾಜಿಕ್ ಪ್ರೋಬನ್ನು ಒಂದೊಂದೇ ಕಾಲಿಗೆ ಮುಟ್ಟಿಸುತ್ತಿದ್ದರು. ಒಂದು ಕಾಲಿನಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. "ಸತ್ತಿದೆ!" ಎಂದರು, ಗಂಡು ಮಗು ಹುಟ್ಟಿತು ಎನ್ನುವ ದನಿಯಲ್ಲಿ.

ಆಮೇಲೆ ಒಳ್ಳೆಯ ಚಿಪ್ಪೊಂದನ್ನು ಕೆಟ್ಟದ್ದರ ಬೆನ್ನ ಮೇಲೆ, ಕಾಲಿಗೆ ಕಾಲು ತಾಗುವಂತೆ ಒತ್ತಿ ಹಿಡಿದರು. ಗೆರೆಗಳು ಮಾಯ! ನಾನು ಕುಣಿದೆ, ಟಾರ್ಚೂ ಕುಣಿಯಿತು, ಬೈಸಿಕೊಂಡೆ. ಔಟ್‌ಪುಟ್ ಸುಮ್ಮನಾಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದಂತೆ, ಒಂದೇ ಮಟ್ಟದಲ್ಲಿ ಅಂಟಿಕೊಂಡಿದ್ದರೆ ಇಲ್ಲ. ಮುಂದಿನದು ಶಸ್ತ್ರಚಿಕಿತ್ಸೆ: ಇಪ್ಪತ್ತೂ ಕಾಲು ಕತ್ತರಿಸಿ, ಒಡಲು ತೆಗೆದು, ಉಳಿದ ತುಂಡುಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಿಂದ ಎಳೆಯುವುದು. ಅವಸರಪಟ್ಟರೆ ಬೋರ್ಡಿನ ತಾಮ್ರದ ಗೆರೆಯೇ ಕಿತ್ತು ಬರುತ್ತದೆ. ಆಫೀಸಿನ ಮೀಟಿಂಗಿನಲ್ಲಿ ಚಡಪಡಿಸುವ ಮನುಷ್ಯ ಇಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಕೊನೆಗೆ ಸಾಕೆಟ್ ಕೂರಿಸಿ, ಅದರಲ್ಲಿ ಹೊಸ ಚಿಪ್ಪು. ಅದರ ಬೆಲೆ ಆ ಊರಿನ ಒಂದು ಕಾಫಿಗೂ ಸಾಲದು.

ಭಾವ ಹುಡುಗನಾಗಿದ್ದಾಗ ಬೆಂಗಳೂರಿನ ಮೆಜೆಸ್ಟಿಕ್ಕಿನ ವಿಡಿಯೊ ಗೇಮ್ ಪಾರ್ಲರಿನಲ್ಲಿ, ಜೇಬಲ್ಲಿ ಕಾಸಿಲ್ಲದೆ, ಬೇರೆಯವರ ಭುಜದ ಹಿಂದೆ ನಿಂತು ಆಟ ನೋಡುತ್ತಿದ್ದರಂತೆ. ಇದನ್ನು ಹೇಳಿದ್ದು ಅಕ್ಕ, ಅವರಲ್ಲ. ಈಗ ಬೇಕಾದಷ್ಟು ಯಂತ್ರ ಕೊಳ್ಳಬಲ್ಲರು. ಆದರೂ ಅವರು ಆಡಿದ್ದನ್ನು ನಾನು ಕಂಡಿಲ್ಲ.

"ಭಾವ, ಸರಿಹೋಯ್ತಲ್ಲ, ಒಂದು ಆಟ ಆಡೋಣ," ಎಂದೆ.

ಅಷ್ಟರಲ್ಲಿ ಅವರು ಬೋರ್ಡು ಬಿಚ್ಚಿ ಚೀಲಕ್ಕೆ ಹಾಕಿಯಾಗಿತ್ತು. "ಇನ್ನೇನಿದೆ ಅದರಲ್ಲಿ? ಇದು ನೋಡಿ," ಎಂದು ಇನ್ನೊಂದನ್ನು ಎತ್ತಿಕೊಂಡರು. "ಚಿತ್ರವೂ ಇಲ್ಲ, ಸದ್ದೂ ಇಲ್ಲ. ಬಹಳ ಚೆನ್ನಾಗಿದೆ."