ಡಬಲ್ಸ್ ವಿಲೇವಾರಿ

ಸಿಡ್ನಿಯ ಪಶ್ಚಿಮ ಬಡಾವಣೆಗಳಾದ ಪ್ಯಾರಮ್ಯಾಟ, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಆಸ್ತಿಯನ್ನು ಸ್ಥಿರ, ಚರ ಎಂದು ಎರಡೇ ಬಗೆಯಾಗಿ ವಿಂಗಡಿಸುವ ಹಳೆಯ ಪದ್ಧತಿ ಈಗ ಸಾಲದಾಗಿದೆ. ಏಕೆಂದರೆ ರಗ್ಬಿ ಲೀಗ್ ಕಾರ್ಡು ಎಂಬ ಮೂರನೆಯ ಬಗೆಯೊಂದು ಈ ಮನೆಗಳನ್ನು ಹೊಕ್ಕಿದ್ದು, ಅದು ಆಲ್ಬಮ್ಮಿನಲ್ಲಿರುವಷ್ಟು ಹೊತ್ತು ಸ್ಥಿರವೂ ಸೋಫಾದ ಸಂದಿಗೆ ಜಾರಿದ ಮರುಕ್ಷಣದಿಂದ ಚರವೂ ಆಗಿರುತ್ತದೆ. ಸುಮಾರು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದದ ಈ ದಪ್ಪ ಕಾಗದದ ತುಂಡಿನ ಮುಂಬದಿಯಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿರುವ ಆಟಗಾರನ ಚಿತ್ರವೂ, ಹಲವು ಕಾರ್ಡುಗಳ ಹಿಂಬದಿಯಲ್ಲಿ ಅವನ ಹುಟ್ಟಿದ ದಿನ, ಎತ್ತರ, ತೂಕ, ಆಡಿದ ಪಂದ್ಯಗಳ ಲೆಕ್ಕವೂ ಇರುತ್ತವೆ. ಇಷ್ಟು ವಿವರ ಸಿಕ್ಕ ಮೇಲೆ ಜನ್ಮನಕ್ಷತ್ರವೊಂದನ್ನು ಮಾತ್ರ ಏಕೆ ಬಿಟ್ಟರು ಎಂಬ ಪ್ರಶ್ನೆ ಮನೆಯ ಹಿರಿಯರಿಂದ ಬಂದೇ ಬರುತ್ತದೆ.

ಆಟದ ಪರಿಚಯವಿಲ್ಲದೆಯೂ ಕಾರ್ಡು ಕೂಡಿಡಬಹುದೆಂಬುದನ್ನು ಈ ಕುಟುಂಬಗಳು ಸಾಧಿಸಿ ತೋರಿಸಿವೆಯಾದರೂ, ಪ್ರಬಂಧದ ಮರ್ಯಾದೆಗೆ ಎರಡು ಮಾತು ಹೇಳಲೇಬೇಕು. ರಗ್ಬಿಯಲ್ಲಿ ಯೂನಿಯನ್, ಲೀಗ್ ಎಂಬ ಎರಡು ಪಂಗಡಗಳಿದ್ದು, 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರ ಭಾಗದ ಕ್ಲಬ್ಬುಗಳು ಮೂಲ ಸಂಸ್ಥೆಯಿಂದ ಸಿಡಿದು ಬೇರೆಯಾದುದರಿಂದ ಲೀಗ್ ಹುಟ್ಟಿಕೊಂಡಿತು. ಆಡಲು ಹೋಗಿ ಗಣಿ, ಗಿರಣಿಗಳ ಕೂಲಿ ಕಳೆದುಕೊಂಡ ಕಾರ್ಮಿಕ ಆಟಗಾರರಿಗೆ ಆ ಕೂಲಿಯನ್ನು ತುಂಬಿಕೊಡಬೇಕೆ ಬೇಡವೆ ಎಂಬುದೇ ಜಗಳದ ಮೂಲವಾಗಿತ್ತು. ಲಾಸ್ ಆಫ್ ಪೇ ಕುರಿತ ವ್ಯಾಜ್ಯವೊಂದರಿಂದ ಇಡೀ ಒಂದು ಆಟವೇ ಹುಟ್ಟಿತೆಂಬ ಸಂಗತಿ ತಿಳಿದ ಗಳಿಗೆಯಿಂದ, ಕರ್ನಾಟಕ ಸರ್ಕಾರದ ಸೇವೆಯಲ್ಲಿ ನಿವೃತ್ತರಾಗಿ ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜಂದಿರು ಆ ಆಟವನ್ನು ತಮ್ಮ ಇಲಾಖೆಯದೇ ಎಂಬಂತೆ ಕಾಣತೊಡಗುತ್ತಾರೆ. 1907ರಲ್ಲಿ ಸಿಡ್ನಿಯಲ್ಲಿ ಲೀಗನ್ನು ಸ್ಥಾಪಿಸಿದವರ ಪೈಕಿ ಹೆಸರಾಂತ ಕ್ರಿಕೆಟಿಗ ವಿಕ್ಟರ್ ಟ್ರಂಪರ್ ಇದ್ದನೆಂಬುದು, ಕ್ರಿಕೆಟಿನ ಹೊರತಾದುದೆಲ್ಲ ದೊಂಬಿ ಎಂದು ನಂಬಿರುವ ತಂದೆಯಂದಿರಿಗೂ ತಕ್ಕ ಮಟ್ಟಿನ ಸಮಾಧಾನ ಕೊಡುತ್ತದೆ. ತಂಡಕ್ಕೆ ಹದಿಮೂರು ಮಂದಿ, ಆರು ಸಲ ಹಿಡಿದು ಕೆಡವಿಸಿಕೊಂಡರೆ ಚೆಂಡನ್ನು ಎದುರಾಳಿಗೆ ಒಪ್ಪಿಸಬೇಕು, ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ‘ಟ್ರೈ’, ಅದಕ್ಕೆ ನಾಲ್ಕು ಅಂಕ. ಉಳಿದುದನ್ನು ಮಕ್ಕಳಿಂದ ಕೇಳಿ ತಿಳಿಯಬಹುದು, ಬೇಡವೆಂದರೂ ಹೇಳುತ್ತಾರೆ.

ಕಾರ್ಡಿನ ಪೂರ್ವಾಪರವೂ ಅಷ್ಟೇನೂ ಸಾತ್ವಿಕವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಿಗರೇಟಿನ ಮೆತ್ತನೆಯ ಪೊಟ್ಟಣ ಬಾಗದಿರಲೆಂದು ಒಳಗೆ ಇಡುತ್ತಿದ್ದ ರಟ್ಟಿನ ಮೇಲೆ ನಟಿಯರ, ಸೈನಿಕರ, ಆಟಗಾರರ ಚಿತ್ರಗಳನ್ನು ಅಚ್ಚು ಹಾಕತೊಡಗಿದಾಗ, ಸೇದುವವರಿಗಿಂತ ಸೇದುವವರ ಮಕ್ಕಳು ಹೆಚ್ಚು ಆಸಕ್ತಿ ತೋರಿದರು. ಮುಂದೆ ತಂಬಾಕಿನ ಸ್ಥಾನಕ್ಕೆ ಚೂಯಿಂಗ್ ಗಮ್ ಬಂದಿತು. 1960ರ ದಶಕದಿಂದ ಆಸ್ಟ್ರೇಲಿಯದ ಸ್ಕ್ಯಾನ್‌ಲೆನ್ಸ್ ಎಂಬ ಕಂಪನಿ ಗಮ್ಮಿನೊಂದಿಗೆ ಮಾರಿದ ರಗ್ಬಿ ಲೀಗ್ ಕಾರ್ಡುಗಳನ್ನು ಇಂದು ಅಜ್ಜಂದಿರಾಗಿರುವ ಆ ದೇಶದ ಹುಡುಗರು ಪ್ರಾಣದಂತೆ ಕಾಪಾಡಿಕೊಂಡು ಬಂದಿದ್ದಾರೆ. ಈಗ ಗಮ್ಮೂ ಮಾಯವಾಗಿ ಪೊಟ್ಟಣದಲ್ಲಿ ಕಾರ್ಡು ಮಾತ್ರ ಉಳಿದಿದೆ. ದುಡ್ಡು ಕೊಟ್ಟು ತಂದ ಪೊಟ್ಟಣವನ್ನು ಒಡೆದರೆ ತಿನ್ನುವುದಕ್ಕೆ ಏನೂ ಸಿಗದಿರುವುದು, ಡಾಲರನ್ನು ಐವತ್ತಕ್ಕೂ ಮೇಲಿನ ಸಂಖ್ಯೆಯಿಂದ ಗುಣಿಸಿ ರೂಪಾಯಿಯಲ್ಲಿ ನೋಯುವ ತಾಯಂದಿರ ಪಾಲಿಗೆ ಈ ಉದ್ಯಮದ ಮೇಲಿನ ಮೊದಲ ಆಕ್ಷೇಪವಾಗಿದೆ.

ಹೊರನಾಡ ಕನ್ನಡ ಮನೆಯಲ್ಲಿ ಯಾವ ವಸ್ತುವೂ ಸುಮ್ಮನೆ ಇರುವಂತಿಲ್ಲ. ಐಸ್‌ಕ್ರೀಮಿನ ಡಬ್ಬಿಯೂ ದೋಸೆಹಿಟ್ಟಿನ ಪಾತ್ರೆಯಾಗಿ ಮರುಜನ್ಮ ಪಡೆದೇ ತನ್ನ ಇರವನ್ನು ಸಮರ್ಥಿಸಿಕೊಳ್ಳಬೇಕು. ಆದುದರಿಂದ ಕಾರ್ಡಿಗೂ ಒಂದು ಉಪಯೋಗವನ್ನು ಹುಡುಕುವ ಹೊಣೆ ಮನೆಮಂದಿಯ ಮೇಲೆ ಬೀಳುತ್ತದೆ. ತಂದೆ ಅದನ್ನು ಹೂಡಿಕೆ ಎಂದು ಘೋಷಿಸಿ, ಎಕ್ಸೆಲ್ ಹಾಳೆಯೊಂದನ್ನು ತೆರೆದು, ಯಾವ ತಂಡದ ಯಾವ ಕಾರ್ಡು ಇದೆ, ಯಾವುದು ಇಲ್ಲ ಎಂಬುದನ್ನು ಹಸಿರು, ಕೆಂಪು ಬಣ್ಣಗಳಲ್ಲಿ ಗುರುತಿಸುತ್ತಾನೆ. ಒಂದೇ ಒಂದು ಪಂದ್ಯವನ್ನೂ ಪೂರ್ತಿ ನೋಡದಿರುವ ಈತನಿಗೆ ಹದಿನೇಳು ತಂಡಗಳ ಪಟ್ಟಿ ಕಂಠಪಾಠವಾಗಿರುತ್ತದೆ. ‘ಗ್ರೇಡಿಂಗ್’ ಎಂಬ ವ್ಯವಸ್ಥೆ ಇವನ ಕಿವಿಗೆ ಬಿದ್ದ ದಿನ ಮನೆಯ ಶಾಂತಿ ಕದಡುತ್ತದೆ. ಗ್ರೇಡಿಂಗ್ ಎಂದರೆ ಕಾರ್ಡಿನ ಮೂಲೆ, ಅಂಚು, ಮೇಲ್ಮೈಗಳನ್ನೂ ಚಿತ್ರ ನಟ್ಟನಡುವೆ ಅಚ್ಚಾಗಿದೆಯೆ ಎಂಬುದನ್ನೂ ತಜ್ಞರು ಪರೀಕ್ಷಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಶಾಶ್ವತವಾಗಿ ಮುಚ್ಚಿ ಕಳಿಸುವುದು. ಟಿ.ವಿ. ರಿಮೋಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಎರಡು ದೇಶ, ಮೂರು ಬಾಡಿಗೆಮನೆಗಳುದ್ದಕ್ಕೂ ತೆಗೆಯದೆ ಉಳಿಸಿಕೊಂಡು ಬಂದ ಮನೆತನಕ್ಕೆ ಈ ತತ್ತ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಷ್ಟವಿರುವುದು ಮೂಲೆಗಳಲ್ಲಿ. ಅಜ್ಜಿ ಪೊಟ್ಟಣವನ್ನು ಹಾಲಿನ ಪ್ಯಾಕೆಟ್ಟಿನಂತೆಯೇ ತೆರೆಯುತ್ತಾಳೆ: ಒಂದು ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು, ತಟ್ಟಿ, ಒಳಗಿನದನ್ನು ಕೆಳಕ್ಕಿಳಿಸಿ, ಕತ್ತರಿಯಿಂದ ಮೂಲೆಯನ್ನು ಪೂರ್ತಿ ತುಂಡಾಗದಂತೆ ಓರೆಯಾಗಿ ಸೀಳುತ್ತಾಳೆ. ಹಾಲು ಕೆಳಕ್ಕಿಳಿಯುತ್ತದೆ, ಕಾರ್ಡು ಇಳಿಯುವುದಿಲ್ಲ. ಹೀಗಾಗಿ ಕೆಲವು ಮನೆಗಳ ಸಂಗ್ರಹದಲ್ಲಿ ಎಲ್ಲ ಆಟಗಾರರ ಎಡ ಮೂಲೆಯೂ ಒಂದೇ ಓರೆಯಲ್ಲಿ ಕತ್ತರಿಸಿಹೋಗಿರುತ್ತದೆ.

ಆದರೂ ಈ ಶಾಸ್ತ್ರದಲ್ಲಿ ಪಾಂಡಿತ್ಯ ಸಲ್ಲಬೇಕಾದುದು ಅಜ್ಜಿಗೇ. ಪೊಟ್ಟಣದೊಳಗೆ ಯಾರಿದ್ದಾರೆಂದು ಮೊದಲೇ ತಿಳಿಯುವಂತಿಲ್ಲವಾದುದರಿಂದ ಒಬ್ಬನೇ ಆಟಗಾರ ಮತ್ತೆ ಮತ್ತೆ ಬರುತ್ತಾನೆ. ಹೀಗೆ ಹೆಚ್ಚಾದವುಗಳಿಗೆ ಡಬಲ್ಸ್ ಎಂದೂ, ಅವುಗಳನ್ನು ಇಲ್ಲದವುಗಳಿಗೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಸ್ವಾಪ್ ಎಂದೂ ಹೆಸರು. ಮೊಮ್ಮಗ ಭಾನುವಾರದ ಕನ್ನಡ ಶಾಲೆಯ ಪಡಸಾಲೆಯಲ್ಲಿ ಒಂದಕ್ಕೆ ಒಂದರಂತೆ ಕೊಟ್ಟು ಕೈಬೀಸಿಕೊಂಡು ಬಂದುದನ್ನು ಕಂಡಾಗ ಅವಳಿಗೆ ಆಗುವ ಸಂಕಟ ಸಣ್ಣದಲ್ಲ. ಮೈಸೂರಿನ ಬೀದಿಯಲ್ಲಿ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳೊಡನೆ ಹೊಸ್ತಿಲ ಮೇಲೆ ಕುಳಿತು, ಎರಡು ಪ್ಯಾಂಟಿಗೆ ಒಂದು ಲೋಟವೆಂದವಳನ್ನು ಒಂದೂವರೆ ಗಂಟೆಯಲ್ಲಿ ಮುಚ್ಚಳವಿರುವ ಡಬ್ಬಿಗೆ ಇಳಿಸಿದ ಪರಂಪರೆ ಅವಳದು. ಜರಿಯಂಚಿನ ಸೀರೆಯನ್ನು ಉಳಿದ ಬಟ್ಟೆಯ ರಾಶಿಗೆ ಸೇರಿಸದೆ ಕೊನೆಯವರೆಗೆ ಬೆನ್ನ ಹಿಂದೆ ಇಟ್ಟುಕೊಂಡಿರಬೇಕೆಂಬ ಸೂತ್ರ ಬಲ್ಲವಳಿಗೆ ‘ಪ್ಯಾರಲಲ್’ ಎಂಬುದನ್ನು, ಅಂದರೆ ಅದೇ ಆಟಗಾರನ ಅದೇ ಚಿತ್ರಕ್ಕೆ ಹೊಳಪಿನ ಲೇಪ ಕೊಟ್ಟು ಕಡಿಮೆ ಸಂಖ್ಯೆಯಲ್ಲಿ ಅಚ್ಚು ಹಾಕಿದ ಕಾರ್ಡನ್ನು, ಅರ್ಥ ಮಾಡಿಕೊಳ್ಳಲು ಅರೆಗಳಿಗೆಯೂ ಬೇಕಾಗುವುದಿಲ್ಲ. ಹುಟ್ಟುಹಬ್ಬದ ಕೂಟಗಳಲ್ಲಿ ಅವಳು ಮೊಮ್ಮಗನ ಪಕ್ಕದಲ್ಲಿ ಕುಳಿತು, ಎದುರಿನ ಹುಡುಗ ಯಾರ ಮನೆಯವನು, ಅವನ ಅಜ್ಜಿಗೆ ಯಾವ ಊರು ಎಂದು ಮೊದಲು ವಿಚಾರಿಸಿ, ಅವನು ತನ್ನ ಬಳಿಯಿರುವ ಅತ್ಯುತ್ತಮ ಕಾರ್ಡನ್ನು ತೋರಿಸಿದಾಗ ‘ಇದೇನು, ಎಲ್ಲರ ಹತ್ತಿರವೂ ಇದೆ’ ಎಂದು ಮುಖ ತಿರುವುತ್ತಾಳೆ. ಇಂಗ್ಲಿಷ್ ಬಾರದಿರುವುದು ಈ ವ್ಯವಹಾರದಲ್ಲಿ ಅವಳ ಅತಿ ದೊಡ್ಡ ಬಲ. ಬೇಡವೆಂಬುದನ್ನು ಹೇಳಲು ಅವಳಿಗೆ ತಲೆ ಸಾಕು, ಹೂಂ ಎನ್ನುವಾಗ ಅಲ್ಲಾಡುವ ತಲೆಯೂ ಉಹೂಂ ಎನ್ನುವಾಗ ಅಲ್ಲಾಡುವ ತಲೆಯೂ ಒಂದೇ ಎಂದು ತೋರುವ ಆ ನೆಲದ ಹುಡುಗರು ಗಾಬರಿಯಿಂದ ಇನ್ನೊಂದು ಕಾರ್ಡನ್ನು ಸೇರಿಸಿಬಿಡುತ್ತಾರೆ. ಆರು ತಿಂಗಳ ಸಂದರ್ಶಕ ವೀಸಾದಲ್ಲಿ ಬಂದ ಅಜ್ಜಿ ಹಿಂದಿರುಗುವ ಹೊತ್ತಿಗೆ ಬೀದಿಯ ಮಾರುಕಟ್ಟೆ ಅವಳ ಹಿಡಿತದಲ್ಲಿರುತ್ತದೆ. ಕೆಲವು ಶಾಲೆಗಳು ಕಾರ್ಡುಗಳನ್ನು ನಿಷೇಧಿಸಿರುವುದಕ್ಕೆ ಮಕ್ಕಳ ಜಗಳಗಳನ್ನು ಕಾರಣವಾಗಿ ಕೊಡಲಾಗುತ್ತದಾದರೂ, ಅಜ್ಜಿಯರ ಪಾತ್ರವನ್ನು ಯಾರೂ ಇನ್ನೂ ಸರಿಯಾಗಿ ಪರಿಶೀಲಿಸಿದಂತಿಲ್ಲ.

ಆಟಕ್ಕೂ ಪಂಚಾಂಗಕ್ಕೂ ಇರುವ ವೈರ ಇನ್ನೊಂದು ಅಧ್ಯಾಯವನ್ನೇ ಬೇಡುತ್ತದೆ. ರಾಷ್ಟ್ರೀಯ ರಗ್ಬಿ ಲೀಗಿನ ಅಂತಿಮ ಪಂದ್ಯ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ಮೊದಲ ಭಾನುವಾರದ ಸುಮಾರಿಗೆ ನಡೆಯುವುದರಿಂದ ಅದು ಎಷ್ಟೋ ವರ್ಷ ನವರಾತ್ರಿಯ ನಡುವೆಯೇ ಬಂದು ಬೀಳುತ್ತದೆ. ಪ್ಯಾರಮ್ಯಾಟದ ಈಲ್ಸ್ ತಂಡ ಪ್ರಶಸ್ತಿ ಗೆದ್ದದ್ದು 1981, 1982, 1983ರಲ್ಲಿ, ಆಮೇಲೆ 1986ರಲ್ಲಿ. ಆ ಕೊನೆಯ ಸಲವಂತೂ ಎರಡೂ ಕಡೆಯವರು ಒಂದೂ ಟ್ರೈ ಗಳಿಸದ ಪಂದ್ಯದಲ್ಲಿ 4–2ರಿಂದ ಗೆದ್ದು, ಅಂದಿನಿಂದ ನೀಲಿ–ಹೊಂಬಣ್ಣದ ಅಂಗಿ ತೊಟ್ಟವರೆಲ್ಲ ಕಾಯುತ್ತ ಕುಳಿತರು. 2022ರ ಅಕ್ಟೋಬರ್ 2ರಂದು ಆ ತಂಡ ಅಂತಿಮ ಪಂದ್ಯಕ್ಕೆ ಇಳಿದ ದಿನ ಸಪ್ತಮಿಯಾಗಿದ್ದು, ಮನೆಯ ಪುಸ್ತಕಗಳನ್ನೆಲ್ಲ ಸರಸ್ವತಿಯ ಮುಂದೆ ಇಟ್ಟು ವಿಜಯದಶಮಿಯವರೆಗೆ ತೆರೆಯದಿರುವ ಆಚಾರ ಅಂದೇ ಆರಂಭವಾಗಬೇಕಿತ್ತು. ಕಾರ್ಡಿನ ಆಲ್ಬಮ್ಮು ಪುಸ್ತಕವೆ ಅಲ್ಲವೆ ಎಂಬ ಧರ್ಮಸೂಕ್ಷ್ಮ ಇಲ್ಲಿ ತಲೆದೋರುತ್ತದೆ. ಅಕ್ಷರವಿರುವುದೆಲ್ಲ ಸರಸ್ವತಿಯೇ ಎಂದು ಅಜ್ಜಿಯೂ, ಅಂಕಿ ಮಾತ್ರವಿದ್ದರೆ ಅದು ಲೆಕ್ಕದ ಪುಸ್ತಕವಾಗಿ ಲಕ್ಷ್ಮಿಗೆ ಸಲ್ಲುತ್ತದೆಂದು ಅಜ್ಜನೂ, ಮೊದಲು ಇಡ್ಲಿ ತಿಂದು ಆಮೇಲೆ ವಾದಿಸಬಹುದೆಂದು ತಾಯಿಯೂ ಅಭಿಪ್ರಾಯಪಟ್ಟರೆ, ತೀರ್ಪು ಸಾಮಾನ್ಯವಾಗಿ ಅಜ್ಜಿಯ ಪರವಾಗಿಯೇ ಬರುತ್ತದೆ. ಗೆಜ್ಜೆವಸ್ತ್ರ, ಹೂವುಗಳಡಿಯಲ್ಲಿ ನಾಯಕ ಕ್ಲಿಂಟ್ ಗಥರ್ಸನ್ ಮೊದಲಾದ ಹದಿಮೂರು ಮಂದಿಯೂ ಮೀಸಲಿನವರೂ ಮುಚ್ಚಿದ ಆಲ್ಬಮ್ಮಿನಲ್ಲಿ ಮಲಗಿದ್ದ ಹೊತ್ತಿಗೆ, ಹೋಮ್‌ಬುಷ್ ಮೈದಾನದಲ್ಲಿ ಪೆನ್ರಿತ್ ತಂಡ ವಿರಾಮದ ವೇಳೆಗೇ 18–0ರಿಂದ ಮುಂದಿದ್ದು ಕೊನೆಗೆ 28–12ರಿಂದ ಗೆದ್ದಿತು. ಕಾರ್ಡುಗಳನ್ನು ಉಸಿರಾಡಲು ಬಿಡದೆ ಮುಚ್ಚಿಟ್ಟದ್ದೇ ಸೋಲಿಗೆ ಕಾರಣವೆಂದು ವಾದಿಸುವ ಮಕ್ಕಳಿಗೆ ಕೊಡಬಹುದಾದ ಉತ್ತರವೆಂದರೆ, ಪೆನ್ರಿತ್ ಕಡೆಯ ಕನ್ನಡ ಮನೆಗಳಲ್ಲೂ ಅಂದು ಅದೇ ಪೂಜೆ ಇತ್ತು. ಆಯುಧಪೂಜೆಯಂದು ಕಾರಿಗೆ, ಮಿಕ್ಸಿಗೆ, ಲ್ಯಾಪ್‌ಟಾಪಿಗೆ ಇಟ್ಟು ಉಳಿದ ಕುಂಕುಮ ಬಿಡಿ ಕಾರ್ಡುಗಳಿಗೂ ದಕ್ಕುತ್ತದೆ. ಗ್ರೇಡಿಂಗ್ ನಿಯಮಗಳಲ್ಲಿ ಮೇಲ್ಮೈಯ ಕಲೆಗೆ ಅಂಕ ಕಳೆಯುವ ಅವಕಾಶವಿದೆಯೇ ಹೊರತು ಕುಂಕುಮಕ್ಕೆ ವಿನಾಯಿತಿ ಇಲ್ಲ.

ಇನ್ನು ಸ್ವಾಪಿಗೂ ಸಲ್ಲದೆ ಉಳಿದುಹೋದ ಡಬಲ್ಸ್ ವಿಷಯ. ಇವುಗಳಲ್ಲಿ ಬಹುಪಾಲು, ಮುಂದಿನ ಸಾಲಿನಲ್ಲಿ ನಿಂತು ಡಿಕ್ಕಿ ಹೊಡೆಯುವುದನ್ನೇ ಕಾಯಕವಾಗಿಸಿಕೊಂಡ ‘ಪ್ರಾಪ್’ ಎಂಬ ಭಾರೀ ಆಟಗಾರರವು. ಟ್ರೈ ಗಳಿಸುವುದು ಅಪರೂಪವಾದುದರಿಂದ ಸಿಡ್ನಿಯ ಮಕ್ಕಳ ಪೇಟೆಯಲ್ಲಿ ಇವರಿಗೆ ಬೆಲೆ ಕಡಿಮೆ. ಎಸೆಯುವುದು ಕನ್ನಡ ಮನೆಯ ಧರ್ಮವಲ್ಲವಾದುದರಿಂದ, ಅಜ್ಜಿಯ ಪೆಟ್ಟಿಗೆಯಲ್ಲಿ ಟಿಮ್‌ಟಾಮ್ ಬಿಸ್ಕತ್ತು, ನೋವಿನ ಮುಲಾಮು, ನೆಂಟರಿಗೆಂದು ಕೊಂಡ ಕೋವಾಲಾ ಗೊಂಬೆಗಳ ನಡುವೆ ಉಳಿಯುವ ಸಂದಿಗಳಲ್ಲಿ ಈ ಪ್ರಾಪ್‌ಗಳನ್ನು ತುರುಕಿ ಕರ್ನಾಟಕಕ್ಕೆ ಸಾಗಿಸಲಾಗುತ್ತದೆ. ಅಲ್ಲಿ ಈ ಆಟದ ಗಂಧವೂ ಇಲ್ಲದ ಮಕ್ಕಳು ಕಾರ್ಡಿನ ಹಿಂಬದಿಯನ್ನು ನೋಡಿದ ಕೂಡಲೇ ಅದರ ನಿಜವಾದ ಉಪಯೋಗವನ್ನು ಕಂಡುಕೊಳ್ಳುತ್ತಾರೆ. ಹಿಂದೆ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳಲ್ಲಿ ಅವರ ಅಪ್ಪಂದಿರು ಆಡಿದಂತೆಯೇ, ಎತ್ತರವನ್ನೋ ತೂಕವನ್ನೋ ಕೂಗಿ, ಹೆಚ್ಚಿದ್ದವನು ಎದುರಿನವನ ಕಾರ್ಡನ್ನು ಗೆದ್ದುಕೊಳ್ಳುವ ಆಟ ಶುರುವಾಗುತ್ತದೆ. ಈ ಲೆಕ್ಕದಲ್ಲಿ ಪೆನ್ರಿತ್ತಿನ ನೇಥನ್ ಕ್ಲಿಯರಿಯಂತಹ ಜಗಜಟ್ಟಿ ಆಟಗಾರನೂ ಯಾವುದೋ ತಂಡದ ಮೀಸಲು ಬೆಂಚಿನಲ್ಲಿ ಕುಳಿತ ನೂರಹದಿನೈದು ಕಿಲೋದವನ ಮುಂದೆ ಸೋಲುವುದರಿಂದ, ಸಿಡ್ನಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಲಗಿಸಿದ ಕಾರ್ಡನ್ನು ಶಿವಮೊಗ್ಗದಲ್ಲಿ ಕಿಸೆಗೆ ಮಡಚಿ ಹಾಕಿಕೊಳ್ಳುತ್ತಾರೆ. ವಾರಾಂತ್ಯದ ವಿಡಿಯೊ ಕರೆಯಲ್ಲಿ ಅಲ್ಲಿಯ ಸೋದರಸಂಬಂಧಿಗಳಿಂದ ಬರುವ ಬೇಡಿಕೆ ಈಚೆಗೆ ಸ್ಪಷ್ಟವಾಗಿದೆ: ಮುಂದಿನ ಸಲ ಬರುವವರ ಕೈಯಲ್ಲಿ ತೆಳ್ಳಗಿರುವವರನ್ನು ಕಳಿಸುವುದು ಬೇಡ, ಬರೀ ದಪ್ಪನವರು ಸಾಕು, ಹಾಗೆಯೇ ಬಿಸ್ಕತ್ತು ಎರಡು ಪೊಟ್ಟಣ ಹೆಚ್ಚಿಗೆ ಇರಲಿ.