ಕೊಂಬೆ ಕಡಿತ ಮೀಮಾಂಸೆ

ಪೀಠಿಕೆ: ರಸ್ತೆಗೆ ಬಾಗಿದ ಹುಣಸೆ ಕೊಂಬೆಯನ್ನು ಯಾರ ಅಪ್ಪಣೆಯಿಂದ ಕಡಿಯಬೇಕು ಎಂಬ ಪ್ರಶ್ನೆಯನ್ನು ಷಡ್ದರ್ಶನಗಳು ಆರೂ ಕೈಬಿಟ್ಟಿವೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಟ್ಟಿಗಾದರೂ ಆ ಲೋಪ ಸರಿಪಡಿಸುವುದು ಈ ಪ್ರೌಢಪ್ರಬಂಧದ ಉದ್ದೇಶ.

ಕ್ಷೇತ್ರ ಪರಿಚಯ: ಯಳಂದೂರಿನ ಮರಗಳು ಹುಟ್ಟಾ ಮೈಸೂರಿನವು. ಕೊಳ್ಳೇಗಾಲ, ಹನೂರಿನ ಹಳೆಯ ಮರಗಳು 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯವು. ಅವುಗಳ ಬುಡ ಮದ್ರಾಸಿನಲ್ಲಿ ಬಲಿತು, ತುದಿ ಕರ್ನಾಟಕದಲ್ಲಿ ಚಿಗುರಿದೆ. ಇಂಥ ಮರದ ಹಳೆಯ ಕಡತ ಕೇಳುವವನು ವಿದ್ವಾಂಸನಲ್ಲ, ಸಾಹಸಿ.

ಪೂರ್ವಪಕ್ಷ: ಇಂಗ್ಲೆಂಡಿನಲ್ಲಿ ಸಂರಕ್ಷಿತ ಮರದ ರೆಂಬೆ ಸವರಲೂ ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬೇಕು, ತೀರ್ಮಾನಕ್ಕೆ 8 ವಾರ. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವಿದೆ, ವೃಕ್ಷಾಧಿಕಾರಿಯೂ ಇದ್ದಾರೆ. ಆದರೆ ಅವರು ಅರಣ್ಯ ಇಲಾಖೆಯವರು. ಅರ್ಜಿದಾರ ನಗರಸಭೆಯಿಂದಲೋ ಪಟ್ಟಣ ಪಂಚಾಯಿತಿಯಿಂದಲೋ ಹೊರಟು ಅರಣ್ಯ ಕಚೇರಿಗೆ, ತಂತಿ ತಗುಲಿದ್ದರೆ ವಿದ್ಯುತ್ ಕಚೇರಿಗೆ ಹೋಗುವಷ್ಟರಲ್ಲಿ ಅಶ್ವತ್ಥಕಟ್ಟೆಗೆ ಸಲ್ಲಬೇಕಾದ ಪ್ರದಕ್ಷಿಣೆಗಳು ಕಚೇರಿಗಳಿಗೆ ಸಂದಿರುತ್ತವೆ. ಗಾಳಿಗೆ ಉರುಳಿದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎನ್ನುತ್ತದೆ ಕಾಯ್ದೆ. ಬಿದ್ದವರನ್ನು ಕಂಡರೆ ಕಾನೂನಿಗೂ ಕರುಣೆ. ಜೀವಕ್ಕೆ ಅಪಾಯವಾಗಿ ನಿಂತಿರುವ ಮರಕ್ಕೂ ಅದೇ ಮಾತು. ಆದರೆ ಅಪಾಯವಿದೆ ಎಂದು ಹೇಳಬಲ್ಲವರು ಯಾರು?

ತಜ್ಞರ ವರ್ಗೀಕರಣ: ಮೊದಲನೆಯವರು ತಂತಿತಜ್ಞರು, ಅಂದರೆ ಮುಂಗಾರಿಗೆ ಮುಂಚೆ ಬರುವ ಲೈನ್‌ಮನ್. ತಂತಿಯ ಕಡೆಯ ಹೊಂಗೆಯನ್ನು ಬೋಳಿಸುತ್ತಾರೆ. ಭಾರವೆಲ್ಲ ಆಚೆ ಮಗ್ಗುಲಿಗೆ ಬಿದ್ದು ಮರ ವಾಲುತ್ತದೆ. ಆ ಮಗ್ಗುಲಿನ ಮನೆಯವರು ಹೊಸ ಅರ್ಜಿ ಬರೆಯುತ್ತಾರೆ.

ಎರಡನೆಯವರು ಅರಿಶಿನತಜ್ಞರು. ಬುಡಕ್ಕೆ ಅರಿಶಿನ ಕುಂಕುಮವಿಟ್ಟು ದಾರ ಸುತ್ತಿದರೆ ಅದಕ್ಕಿಂತ ಗಟ್ಟಿಯಾದ ತಡೆಯಾಜ್ಞೆ ಯಾವ ನ್ಯಾಯಾಲಯದಲ್ಲೂ ಸಿಗದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಇದಕ್ಕೆ ಸಾಕ್ಷಿ. ಅದು 1976ರ ತನಕ ಯಾವ ಕಾಯ್ದೆಗೂ ಕಾದು ಕೂತಿರಲಿಲ್ಲ.

ಮೂರನೆಯವನು ಮಚ್ಚುತಜ್ಞ. ಲುಂಗಿ ಎತ್ತಿ ಕಟ್ಟಿ, ಮಚ್ಚಿನ ಹಿಂಬದಿಯಿಂದ ಬುಡಕ್ಕೆ ಬಡಿದು ಕಿವಿಗೊಡುತ್ತಾನೆ. “ವಳುಗ ಟೊಳ್ಳಾಗದ ಕನಾ ಸಾ, ಗಾಳಿ ಬಂದ್ರ ತಡಿಯಲ್ಲ” ಎನ್ನುತ್ತಾನೆ. ಪಾಶ್ಚಾತ್ಯ ಮರತಜ್ಞರು ಸುತ್ತಿಗೆಯಿಂದ ಮಾಡುವ ಪರೀಕ್ಷೆಯೂ ಇದೇ. ಮೇಲೇರಿ, ಕೆಂಜಿಗವನ್ನು ಕೊಡವಿಕೊಳ್ಳುತ್ತ, ಕೊಂಬೆಯ ಅಡಿಗೆ ಮೊದಲ ಕಚ್ಚು ಹಾಕುತ್ತಾನೆ; ಮೇಲಿನ ಏಟು ಆಮೇಲೆ. ತಿರುವುಮುರುವಾದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಮರದ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಬದುಕುತ್ತದೆ ಎಂದು ಅಮೆರಿಕದ ವೃಕ್ಷವಿಜ್ಞಾನಿ ಅಲೆಕ್ಸ್ ಶೈಗೊ ತೋರಿಸಿಕೊಟ್ಟರು. ಮಚ್ಚುತಜ್ಞ ಶೈಗೊರನ್ನು ಓದಿಲ್ಲ. ಕಾಂಡಕ್ಕೆ ಒತ್ತಿ ಕಡಿಯಬಾರದೆಂದು ಮಾತ್ರ ಬಲ್ಲ.

ಸಿದ್ಧಾಂತ: ಮೂವರಲ್ಲಿ ಮರವನ್ನು ತಟ್ಟಿ ನೋಡಿದವನು ಮೂರನೆಯವನೊಬ್ಬನೇ. ವರದಿಯಲ್ಲಿ ಅವನ ಹೆಸರಿಗೆ ಕಾಲಂ ಇಲ್ಲ, ಕೂಲಿ ಲೆಕ್ಕದಲ್ಲಿದೆ.

ಶಿಫಾರಸು: ಮಚ್ಚುತಜ್ಞನಿಗೆ ಕೂಡಲೇ ಒಂದು ಸೀಲು ಕೊಡತಕ್ಕದ್ದು. ಸೀಲು ಸಿಕ್ಕ ಮರುದಿನವೇ ಅವನು ಮರ ಹತ್ತುವುದನ್ನು ಬಿಟ್ಟು ಮೇಜಿನ ಹಿಂದೆ ಕೂರುತ್ತಾನೆ ಎಂಬ ಆಕ್ಷೇಪವನ್ನು ಎರಡನೆಯ ಸಂಪುಟದಲ್ಲಿ ಖಂಡಿಸಲಾಗುವುದು.