ಅರಣ್ಯ ಇಲಾಖೆ ಮತ್ತು ನಮ್ಮನೆಯವಳು

ಕುದುರೆಮುಖ ಹತ್ತಬೇಕೆನ್ನುವವರು ಅರಣ್ಯ ಇಲಾಖೆಯ ಷರತ್ತುಗಳಿಗೆ ಒಪ್ಪಬೇಕು. ಮದ್ಯ ತರಬಾರದು. ಕಸ ಬಿಸಾಡಬಾರದು. ಜೋರಾಗಿ ಹಾಡು ಹಾಕಬಾರದು. ದಾರಿ ಬಿಟ್ಟು ಅತ್ತಿತ್ತ ಹೋಗಬಾರದು. ಕತ್ತಲಾಗುವುದರೊಳಗೆ ವಾಪಸ್ ಬರಬೇಕು. ಮದುವೆಯಾದ ಲಾಗಾಯ್ತು ನಾನು ಇವೇ ಷರತ್ತುಗಳಡಿ ಬದುಕಿದ್ದೇನೆ. ಇಲಾಖೆ ಇದಕ್ಕೆ ಶುಲ್ಕವನ್ನೂ ಕಟ್ಟಿಸಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

“1894 ಮೀಟರ್ ಎತ್ತರ ಕಣೇ, ಹತ್ತೇಬಿಡ್ತೀನಿ” ಎಂದೆ ಕಾಫಿ ಹೀರುತ್ತಾ.

“ಮೊದಲು ಆ ನೀರಿನ ಕ್ಯಾನ್ ಎತ್ತಿಡಿ ನೋಡೋಣ” ಎಂದಳು.

ತಾಲೀಮಿಗೆಂದು ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತತೊಡಗಿದೆ. ಎದುರಾದವರೆಲ್ಲ “ಲಿಫ್ಟ್ ಕೆಟ್ಟಿದೆಯಾ ಸಾರ್?” ಎಂದು ಕೇಳುವವರೇ. ನಾನು ಮೆಟ್ಟಿಲು ಹತ್ತಲು ಬೇರೆ ಕಾರಣವಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಕಳಸದ ಹತ್ತಿರ ಸಂಸೆ. ಆ ಕಡೆಯಿಂದ ಮುಳ್ಳೋಡಿಗೆ ಜೀಪು. ಆ ರಸ್ತೆಯಲ್ಲಿ ಕೂತು ಹೋಗುವುದೂ ಒಂದು ಬಗೆಯ ಚಾರಣವೇ. ಅಲ್ಲಿ ಪ್ಲಾಸ್ಟಿಕ್ ಹುಡುಕುವ ಬ್ಯಾಗ್ ತಪಾಸಣೆ. ನನ್ನದರಿಂದ ಚಿಪ್ಸ್, ಬಿಸ್ಕತ್ತು, ಚಾಕೊಲೇಟಿನ ಪೊಟ್ಟಣಗಳು ಒಂದೊಂದಾಗಿ ಹೊರಬಂದವು. ಅವಳದರಲ್ಲಿ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ, ಸ್ಟೀಲ್ ಬಾಟಲಿಯಲ್ಲಿ ನೀರು. “ಇವರ ಬ್ಯಾಗನ್ನೂ ನೀವೇ ತುಂಬಬೇಕಿತ್ತು ಅಕ್ಕಾ” ಎಂದ ಸಿಬ್ಬಂದಿ. ಇಲಾಖೆಗಳೆರಡೂ ಕೈಜೋಡಿಸಿದ್ದು ಹೀಗೆ.

ಶಿಖರಕ್ಕೆ ಸುಮಾರು 10 ಕಿಲೋಮೀಟರ್ ನಡಿಗೆ. ನಾನು ಅಲ್ಲಲ್ಲಿ ನಿಂತು ಮಗಳಿಗೆ ಉಪನ್ಯಾಸ ಕೊಡುತ್ತಿದ್ದೆ. ಒಂದೊಂದು ಉಪನ್ಯಾಸವೂ ನನ್ನ ಏದುಸಿರು ಇಳಿಯುವಷ್ಟು ಉದ್ದ. ಮೊದಲನೆಯದು ಹುಲ್ಲುಗಾವಲಿನ ಬಗ್ಗೆ: ಗುಡ್ಡದ ಮೇಲೆ ಹುಲ್ಲು, ಕಣಿವೆಯಲ್ಲಿ ಶೋಲಾ ಕಾಡು, ಎರಡೂ ಸೇರಿ ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲೂ ಹಳ್ಳಗಳಿಗೆ ಬಿಡುತ್ತವೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿದೆ. ಎರಡನೆಯದು ಉಂಬಳದ ಬಗ್ಗೆ: ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಅದರ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ.

“ಹೌದಪ್ಪಾ, ನಿನ್ನ ಸಾಕ್ಸ್ ನೋಡು” ಎಂದಳು ಮಗಳು. ಕೆಂಪಗಾಗಿತ್ತು. ಹೆಂಡತಿ ಉಪ್ಪಿನ ಪೊಟ್ಟಣ ಬಿಚ್ಚಿದಳು. ಅದನ್ನು ಕಾಗದದಲ್ಲೇ ಕಟ್ಟಿದ್ದಳು.

ಮೂರನೆಯದು ಗಣಿಯ ಬಗ್ಗೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೇಲೂ ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಜನ ಹೋರಾಡಿದರು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಬೆಟ್ಟ ಅಗೆಯಲು ಬಂದ ದೈತ್ಯ ಯಂತ್ರಗಳಿಗೇ ಎದ್ದು ಹೋಗಿ ಎಂದ ಜಾಗವಿದು, ನನ್ನಂಥವನು ಯಾವ ಲೆಕ್ಕ ಎಂದು ಮುಗಿಸುವಷ್ಟರಲ್ಲಿ ಕೇಳುಗರಿಬ್ಬರೂ ಮುಂದಿನ ತಿರುವು ದಾಟಿದ್ದರು. ಗೈಡ್ ಹುಡುಗ ಮಾತ್ರ ಉಳಿದಿದ್ದ. ಅವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೇಲೆ ತಲುಪಿದಾಗ ಚಿತ್ರಾನ್ನದ ಡಬ್ಬಿ ಅರ್ಧ ಖಾಲಿ. ಆಕಾಶ ತಿಳಿಯಾಗಿದ್ದರೆ ಅರಬ್ಬೀ ಸಮುದ್ರ ಕಾಣುತ್ತದಂತೆ. ನನಗೆ ಮಂಜು ಕಂಡಿತು. ಕುದುರೆಯ ಮುಖವಂತೂ ದೂರದಿಂದ ನೋಡುವವರಿಗಷ್ಟೇ ಕಾಣುತ್ತದೆ. ನೆತ್ತಿಯ ಮೇಲೆ ಕೂತವನಿಗೆ ಎಲ್ಲಿಂದ ಕಾಣಬೇಕು? ಶಿಖರ ಗೆದ್ದ ಸುದ್ದಿಯನ್ನು ಊರಿಗೆಲ್ಲ ಸಾರೋಣವೆಂದರೆ ಸಿಗ್ನಲ್ ಇಲ್ಲ.

“ಬಂದ್ರಾ? ತಿಂದು ಏಳಿ, ಹೊತ್ತಾಯ್ತು” ಎಂದಳು ನಮ್ಮನೆಯವಳು. ಗೈಡ್ ಅದನ್ನು ಅನುಮೋದಿಸಿದ.

ನೀವೂ ಹೋಗಿ ಬನ್ನಿ. ಆನ್‌ಲೈನಿನಲ್ಲಿ ಮುಂಚೆಯೇ ಅನುಮತಿ ಪಡೆಯಿರಿ, ಬೆಳಿಗ್ಗೆ ಬೇಗ ಹೊರಡಿ, ಒಯ್ದದ್ದನ್ನೆಲ್ಲ ವಾಪಸ್ ತನ್ನಿ. ಹೇಳಿದ ಮಾತು ಕೇಳಿ ಅಭ್ಯಾಸವಿರುವ ಗಂಡಸರಿಗೆ ಈ ಬೆಟ್ಟ ಕಷ್ಟವೇನಲ್ಲ. ಉಳಿದವರು ಮೊದಲು ಮನೆಯಲ್ಲಿ ತಾಲೀಮು ಮಾಡುವುದು ಒಳ್ಳೆಯದು.